ಪಂಡಿತಾ ರಮಾಬಾಯಿಯವರು ಮತ್ತು ದೇವರ ವಾಕ್ಯ

ತರೀಕೆರೆಯ ಕಡೆಯಿಂದ ಬೀರೂರಿಗೆ ಬರುವ ಹೆಣ್ಣುಮಕ್ಕಳು ಭದ್ರಾ ನದಿಯನ್ನು ಚೆನ್ನಾಗಿ ಬಲ್ಲರು. ಲಕ್ಕವಳ್ಳಿಯಲ್ಲಿ ಅದಕ್ಕೆ ಕಟ್ಟಿರುವ ಅಣೆಕಟ್ಟನ್ನು ನೋಡದವರು ನಮ್ಮಲ್ಲಿ ವಿರಳ. ಆದರೆ ಆ ನದಿಯು ಹುಟ್ಟುವ ಗಂಗಾಮೂಲವೆಂಬ ಮಲೆಯನ್ನು ಕಂಡವರು ಕೆಲವರೇ ಇರಬಹುದು. ಆ ಮಲೆಯ ಕಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ಅರಿತವರು ಅವರಿಗಿಂತಲೂ ಕಡಿಮೆ. ಹಿಂದೆ ಕಡೂರು ಜಿಲ್ಲೆಯೆಂದೂ ಈಗ ಚಿಕ್ಕಮಗಳೂರು ಜಿಲ್ಲೆಯೆಂದೂ ಹೆಸರುಳ್ಳ ನಮ್ಮ ಸೀಮೆಯ ಪಶ್ಚಿಮದಂಚಿನಲ್ಲಿ, ತುಂಗೆ ಭದ್ರೆ ನೇತ್ರಾವತಿಗಳು ಉಗಮಿಸುವ ಆ ಸ್ಥಳದಲ್ಲಿ, 1858ನೆಯ ಇಸವಿ ಏಪ್ರಿಲ್ 23ನೆಯ ತಾರೀಖು ಜನಿಸಿದ ಆ ಮಗುವೇ ಮುಂದೆ ಲೋಕಪ್ರಸಿದ್ಧರಾದ ಪಂಡಿತಾ ರಮಾಬಾಯಿಯವರು.

ಅವರ ಪಾಂಡಿತ್ಯವನ್ನೂ ವಿಧವೆಯರಿಗೆ ಅವರು ಮಾಡಿದ ಉಪಕಾರವನ್ನೂ ಕುರಿತು ಅನೇಕರು ಬರೆದಿದ್ದಾರೆ. ನಮ್ಮ ಶಾಲೆಯ ಈ ಜ್ಞಾಪಕ ಸಂಚಿಕೆಯಲ್ಲಿ ನಾವು ಅವರ ಜೀವಿತದ ಒಂದು ಎಳೆಯನ್ನು ಮಾತ್ರ ಹಿಡಿದು ಹೋಗಲು ಇಚ್ಛಿಸುತ್ತೇವೆ. ದೇವರ ವಾಕ್ಯವೆಂದು ಹೇಳುವ ಗ್ರಂಥಕ್ಕೆ ಮನುಷ್ಯರ ಮೇಲಿರುವ ಅಧಿಕಾರವೇನು? ಬಿದ್ದುಹೋದವರನ್ನು ಎತ್ತಿ ರಕ್ಷಿಸುವ ಶಕ್ತಿಯು ಅದರಲ್ಲಿ ನಿಜವಾಗಿ ಉಂಟೋ? ಅದನ್ನು ಓದುವ ಹಕ್ಕು ಯಾರಿಗೆ ಸೇರಿದ್ದು? ಈ ಮೂರು ಪ್ರಶ್ನೆಗಳು ಅವರನ್ನು ಬಾಲ್ಯದಿಂದ ಮರಣದವರೆಗೂ ಬಿಡಲಿಲ್ಲ. ಅವರು ಕಂಡುಕೊಂಡ ಉತ್ತರಕ್ಕಾಗಿ ಬಹಳ ಬೆಲೆಯನ್ನೂ ಕೊಟ್ಟರು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಘಟ್ಟದ ಬುಡದಲ್ಲಿರುವ ಕಾರ್ಕಳ ಸೀಮೆಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಅವರು ಪುಣೆಯಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಅರಮನೆಯ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡು, ಸ್ತ್ರೀಯರಿಗೂ ಈ ವಿದ್ಯೆಯು ಸಾಧ್ಯವೆಂದು ಆಶ್ಚರ್ಯಪಟ್ಟು, ತಮ್ಮ ಮನೆಯಲ್ಲಿಯೂ ಹಾಗೆ ಮಾಡಬೇಕೆಂದು ನಿಶ್ಚಯಿಸಿಕೊಂಡರು. ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಅವರು ಸಂಸ್ಕೃತವನ್ನು ಕಲಿಸತೊಡಗಲು ನೆಂಟರಿಷ್ಟರು ವಿರೋಧಿಸಿದರು. ಉಡುಪಿಯಲ್ಲಿ ಪಂಡಿತರು ನೆರೆದು ಅವರನ್ನು ವಿಚಾರಣೆಗೆ ಕರೆದರು. ಶಾಸ್ತ್ರಿಗಳು ಗ್ರಂಥಗಳಿಂದಲೇ ಆಧಾರಗಳನ್ನು ತೆಗೆದು ತೋರಿಸಿ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರಾದರೂ, ಊರಿನಲ್ಲಿ ನೆಮ್ಮದಿಯಿಲ್ಲದ ಕಾರಣ ಗಂಗಾಮೂಲದ ಕಾಡಿಗೆ ಹೋಗಿ ಅಲ್ಲಿ ಮನೆಯನ್ನು ಕಟ್ಟಿ ಶಿಷ್ಯರಿಗೆ ಪಾಠ ಹೇಳುತ್ತಾ ಇದ್ದರು. ತಾಯಿಗೆ ಅಕ್ಷರ ಕಲಿಸಿದ್ದಕ್ಕಾಗಿ ಮನೆಯವರೆಲ್ಲರೂ ಕಾಡನ್ನು ಸೇರಬೇಕಾಯಿತೆಂಬ ಸಂಗತಿಯನ್ನು, ಇಂದು ನಿರಾತಂಕವಾಗಿ ಪುಸ್ತಕದ ಚೀಲವನ್ನು ಹೊತ್ತು ಶಾಲೆಗೆ ಬರುವ ನಮ್ಮ ಹುಡುಗಿಯರು ಮರೆಯಬಾರದು.

ಆಸ್ತಿಯು ಕರಗಿಹೋದ ಮೇಲೆ ಈ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ರಮಾಬಾಯಿಯವರು ಆಗ ಕೆಲವು ತಿಂಗಳ ಕೂಸು; ಅವರನ್ನು ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತುಕೊಂಡು ಘಟ್ಟವನ್ನು ಇಳಿಸಿದರು. ಅಂದಿನಿಂದ ದಾರಿಯೇ ಅವರ ಮನೆ, ದೇವಸ್ಥಾನದ ಜಗಲಿಯೇ ಅವರ ಪಾಠಶಾಲೆ. ತಂದೆಯು ಮುಪ್ಪಿನಿಂದ ಬಳಲುತ್ತಿದ್ದುದರಿಂದ ಮಗಳಿಗೆ ವಿದ್ಯೆ ಹೇಳಿಕೊಟ್ಟವರು ತಾಯಿ. ಹದಿನೈದು ಹದಿನಾರು ವಯಸ್ಸಾಗುವಷ್ಟರಲ್ಲಿ ಭಾಗವತದ ಸುಮಾರು 18,000 ಶ್ಲೋಕಗಳು ಅವರಿಗೆ ಕಂಠಸ್ಥವಾಗಿದ್ದುವು. ಮರಾಠಿ, ಕನ್ನಡ, ಹಿಂದೂಸ್ತಾನಿ ಮುಂತಾದ ಭಾಷೆಗಳು ನಡೆಯುತ್ತಾ ನಡೆಯುತ್ತಾ ಬಂದುವು. ಪುರಾಣ ಹೇಳಿ ದೊರೆತ ದಕ್ಷಿಣೆಯೇ ಇವರ ಜೀವನಾಧಾರ.

ರಮಾಬಾಯಿಯವರ ಹದಿನಾರನೆಯ ವಯಸ್ಸಿನಲ್ಲಿ ಕ್ಷಾಮವು ಇವರನ್ನು ಮುತ್ತಿತು. ಅನ್ನವಿಲ್ಲದೆ ಎಲೆಗಳನ್ನು ತಿಂದು ದಿನಗಳೆದರೂ ಭಿಕ್ಷೆ ಬೇಡಲು ಅಭಿಮಾನವು ಬಿಡಲಿಲ್ಲ. ಕೂಲಿ ಮಾಡಲು ಅಭ್ಯಾಸವಿರಲಿಲ್ಲ. ಮೊದಲು ತಂದೆಯೂ, ಸ್ವಲ್ಪಕಾಲದಲ್ಲಿಯೇ ತಾಯಿಯೂ, ಅವರ ಹಿಂದೆ ಅಕ್ಕನೂ ತೀರಿಕೊಂಡರು. ತಾಯಿಯ ಶವವನ್ನು ಹೊರಲು ನಾಲ್ಕನೆಯವರು ಸಿಕ್ಕದೆ ಮಗಳೇ ಹೆಗಲು ಕೊಡಬೇಕಾಯಿತು. ಅವರು ಕುಳ್ಳಾಗಿದ್ದುದರಿಂದ ಚಟ್ಟದ ತುದಿಯನ್ನು ಹೆಗಲಿಗೆ ಬದಲಾಗಿ ತಲೆಯ ಮೇಲೆ ಇಟ್ಟುಕೊಂಡು ನಡೆದರು. ಆ ಮೇಲೆ ಅಣ್ಣ ಶ್ರೀನಿವಾಸನೂ ರಮಾಬಾಯಿಯವರೂ ದೇಶದ ಉದ್ದಗಲಕ್ಕೆ ಸಾವಿರಾರು ಮೈಲಿ ಕಾಲುನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು.

ಕಲ್ಕತ್ತೆಯ ವಿದ್ವಾಂಸರು ಈ ಇಪ್ಪತ್ತು ವರುಷದ ಕನ್ಯೆಯನ್ನು ಪರೀಕ್ಷಿಸಿ ಬೆರಗಾಗಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನು ಕೊಟ್ಟರು. ಅಲ್ಲಿ ಎರಡು ಸಂಗತಿಗಳು ನಡೆದುವು. ಕ್ರೈಸ್ತರ ಒಂದು ಕೂಟದಲ್ಲಿ ಅವರಿಗೆ ಸಂಸ್ಕೃತದ ಸತ್ಯವೇದದ ಪ್ರತಿಯೊಂದನ್ನು ಕೊಟ್ಟರು. ಅದರ ಶೈಲಿಯು ತಾವು ಓದಿದ ಗ್ರಂಥಗಳಿಗಿಂತ ಬಹಳ ಬೇರೆಯಾಗಿದ್ದುದರಿಂದ ಅದು ಅವರ ಮನಸ್ಸಿಗೆ ಹತ್ತಲಿಲ್ಲ. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಅವರ ಕೈಗೆ ವೇದದ ಪ್ರತಿಯನ್ನು ಕೊಟ್ಟು ಓದೆಂದು ಪ್ರೋತ್ಸಾಹಿಸಿದರು. ಸ್ತ್ರೀಯರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದು ತಂದೆಯಿಂದಲೇ ಕೇಳಿ ಬೆಳೆದಿದ್ದ ಅವರು ಬಹಳ ಹಿಂಜರಿದು ಕೊನೆಗೆ ಓದಿದರು. ಸ್ತ್ರೀಯರ ಕರ್ತವ್ಯಗಳ ಮೇಲೆ ಉಪನ್ಯಾಸ ಮಾಡುವುದಕ್ಕಾಗಿ ಧರ್ಮಶಾಸ್ತ್ರಗಳನ್ನೂ ಶೋಧಿಸಿದರು. ಅನೇಕ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದ್ದ ಆ ಗ್ರಂಥಗಳು ಸ್ತ್ರೀಯನ್ನು ಕೀಳೆಂದು ಎಣಿಸುವುದರಲ್ಲಿ ಮಾತ್ರ ಒಂದಾಗಿವೆಯೆಂದು ಅವರಿಗೆ ತೋರಿತು. ಅಲ್ಲಿಂದ ಅವರ ಮನಸ್ಸಿನ ಶಾಂತಿ ಹೋಯಿತು. ಇದು ಅವರು ಸ್ವತಃ ಓದಿ ಪಡೆದ ಅಭಿಪ್ರಾಯ. ಯಾರ ಧರ್ಮವನ್ನಾದರೂ ಹಳಿಯುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಸಂಸ್ಕೃತ ವಿದ್ಯೆಯನ್ನೂ ಅದನ್ನು ಕೊಟ್ಟ ತಂದೆತಾಯಿಗಳನ್ನೂ ಅವರು ಕಡೆಯವರೆಗೂ ಕೃತಜ್ಞತೆಯಿಂದ ಸ್ಮರಿಸಿದರು.

1880ರಲ್ಲಿ ಅಣ್ಣನೂ ತೀರಿಹೋದನು. ಅದೇ ವರುಷ ಅವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾಗಿ ಅಸ್ಸಾಮಿನ ಸಿಲ್ಚಾರಿಗೆ ಹೋದರು. ಮಗಳು ಮನೋರಮಾ 1881ರಲ್ಲಿ ಹುಟ್ಟಿದಳು. ಆ ಮನೆಯ ಪುಸ್ತಕಗಳ ನಡುವೆ ಒಂದು ದಿನ ಲೂಕನು ಬರೆದ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಅವರ ಕೈಗೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೋ ಅವರಿಗೇ ತಿಳಿಯದು. ಸಂಸ್ಕೃತದ ದೊಡ್ಡ ಗ್ರಂಥವು ಮಾಡದಿದ್ದುದನ್ನು ಮನೆಮಾತಿನ ಈ ಚಿಕ್ಕ ಪುಸ್ತಕವು ಮಾಡಿತು. ಅವರು ಅದನ್ನು ಆಸಕ್ತಿಯಿಂದ ಓದಿದರು. ಊರಿಗೆ ಬಂದಿದ್ದ ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಸೃಷ್ಟಿಯ ವೃತ್ತಾಂತವನ್ನು ವಿವರಿಸಿ ಹೇಳಿದರು. ಪತಿಗೆ ಇದು ಹಿಡಿಸಲಿಲ್ಲ. ಅಷ್ಟರಲ್ಲಿ 1882ರ ಫೆಬ್ರವರಿಯಲ್ಲಿ ಪತಿಯೇ ಕಾಲರಾದಿಂದ ಮೃತರಾದರು. ರಮಾಬಾಯಿಯವರು ಇಪ್ಪತ್ತಮೂರು ವರುಷದ ವಿಧವೆಯಾಗಿ ಕೈಗೂಸಿನೊಡನೆ ನಿಂತರು.

ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿಯೆಂಬ ಮರಾಠಿ ಪುಸ್ತಕವನ್ನು ಬರೆದರು. ಸರಕಾರವು ನೇಮಿಸಿದ್ದ ಹಂಟರ್ ವಿದ್ಯಾ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ಸ್ತ್ರೀವೈದ್ಯರೂ ಬೇಕೆಂದು ಸಾಕ್ಷ್ಯ ಹೇಳಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಮಂದವಾದ್ದರಿಂದ ಆ ಆಶೆ ನೆರವೇರಲಿಲ್ಲ.

ಇಂಗ್ಲೆಂಡಿನಲ್ಲಿ ಅವರು ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಇಳಿದುಕೊಂಡರು. ಆ ಸಹೋದರಿಯರು ಲಂಡನ್ನಿನ ಫುಲ್‌ಹ್ಯಾಮ್ ಭಾಗದಲ್ಲಿ ದಾರಿತಪ್ಪಿದ ಸ್ತ್ರೀಯರಿಗಾಗಿ ಒಂದು ಆಶ್ರಯವನ್ನು ನಡಿಸುತ್ತಿದ್ದರು. ಲೋಕವು ಹೊರಗೆ ತಳ್ಳಿದ ಆ ಹೆಂಗಸರನ್ನು ಅಲ್ಲಿ ಆದರದಿಂದ ಕಾಣುತ್ತಿದ್ದುದನ್ನು ನೋಡಿ ರಮಾಬಾಯಿಯವರು ವಿಸ್ಮಿತರಾಗಿ ಇದಕ್ಕೆ ಕಾರಣವೇನೆಂದು ವಿಚಾರಿಸಿದರು. ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆಗೆದು, ಬಾವಿಯ ಬಳಿಯಲ್ಲಿ ಕರ್ತನು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ಸಂಗತಿಯನ್ನು ಓದಿ ಹೇಳಿದಳು. ಜನರು ತಿರಸ್ಕರಿಸಿದ ಒಬ್ಬ ಹೆಂಗಸಿಗೆ ದೇವರ ಕುಮಾರನು ಜೀವಜಲದ ರಹಸ್ಯವನ್ನು ತಿಳಿಸಿದನೆಂಬ ಆ ಕಥೆಯು ಅವರ ಹೃದಯವನ್ನು ಹೊಕ್ಕಿತು. ಗ್ರಂಥವು ಹೇಳಿದ್ದೂ ಫುಲ್‌ಹ್ಯಾಮಿನಲ್ಲಿ ಕಣ್ಣಿಗೆ ಕಂಡದ್ದೂ ಒಂದೇ ಆಗಿತ್ತು. ಆ ವಾಕ್ಯದ ಅಧಿಕಾರಕ್ಕೆ ಅವರಿಗೆ ದೊರೆತ ಮೊದಲನೆಯ ಪ್ರಮಾಣ ಇದೇ. ಪಂಡಿತ ನೆಹೆಮ್ಯಾ ಗೋರೆಯವರ ಕಾಗದಗಳು ಅವರ ಉಳಿದ ಸಂಶಯಗಳನ್ನು ಬಹುಮಟ್ಟಿಗೆ ಪರಿಹರಿಸಿದುವು. 1883ನೆಯ ಇಸವಿ ಸೆಪ್ಟೆಂಬರ್ 29ನೆಯ ತಾರೀಖು ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು.

ಇಲ್ಲಿಗೆ ಅವರ ವಿಚಾರಣೆಯು ಮುಗಿಯಿತೆಂದು ಯಾರೂ ತಿಳಿಯಬಾರದು. ಡೊರೋಥಿಯಾ ಬೀಲ್ ಎಂಬ ವಿದುಷಿಯು ಮುಖ್ಯೋಪಾಧ್ಯಾಯಿನಿಯಾಗಿದ್ದ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಅವರು ಸಂಸ್ಕೃತವನ್ನು ಕಲಿಸುತ್ತಾ ತಾವೂ ಓದಿದರು. ಪುರುಷರಿಗೆ ಅವರು ಪಾಠ ಹೇಳಬಹುದೆಂಬ ಸೂಚನೆ ಬಂದಾಗ, ಹಿಂದೂದೇಶದ ಸ್ತ್ರೀಯು ಹೀಗೆ ಮಾಡುವುದು ತಕ್ಕದ್ದಲ್ಲವೆಂದು ಕೆಲವು ಬಿಷಪ್ಪರು ಅಡ್ಡಿ ಮಾಡಿದರು. ತ್ರಿಯೇಕ ದೇವರ ವಿಷಯವಾದ ಬೋಧನೆ ಮೊದಲಾದ ಗಹನವಾದ ವಿಷಯಗಳಲ್ಲಿ ರಮಾಬಾಯಿಯವರು ಕೇಳಿದ ಪ್ರಶ್ನೆಗಳಿಂದ, ಅವರನ್ನು ತಾಯಿಯಂತೆ ನೋಡಿಕೊಂಡ ಸಹೋದರಿ ಜೆರಾಲ್ಡಿನಳಿಗೂ ನೋವಾಯಿತು. ರಮಾಬಾಯಿಯವರಾದರೋ, ಒಂದು ಪುರೋಹಿತವರ್ಗದ ಅಪ್ಪಣೆಯನ್ನು ಬಿಟ್ಟುಬಂದ ತಾವು ಇನ್ನೊಂದರ ಅಪ್ಪಣೆಗೆ ಕುರುಡಾಗಿ ತಲೆಬಾಗುವುದಿಲ್ಲವೆಂದೂ, ಕ್ರಿಸ್ತನ ವಾಕ್ಯದಲ್ಲಿ ತಮಗೆ ಸ್ಪಷ್ಟವಾಗಿ ಕಂಡದ್ದಕ್ಕೆ ಮಾತ್ರ ಅಧೀನರಾಗಿರುವೆವೆಂದೂ ಪ್ರೀತಿಯಿಂದಲೂ ದೃಢವಾಗಿಯೂ ಬರೆದು ತಿಳಿಸಿದರು. ಆ ಪತ್ರವ್ಯವಹಾರವು 1977ರಲ್ಲಿ ಗ್ರಂಥರೂಪವಾಗಿ ಪ್ರಕಟವಾಯಿತು. ಅದನ್ನು ಓದುವವರಿಗೆ, ದೇವರ ಅಧಿಕಾರವನ್ನು ಒಪ್ಪುವುದೆಂದರೆ ಬುದ್ಧಿಯನ್ನು ಅಡವಿಡುವುದಲ್ಲವೆಂಬುದು ಚೆನ್ನಾಗಿ ತಿಳಿಯುತ್ತದೆ.

1886ರಲ್ಲಿ ಅವರು ತಮ್ಮ ನೆಂಟರಾದ ಆನಂದಿಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕಾಗಿ ಅಮೇರಿಕಕ್ಕೆ ಹೋದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ವರ್ಣಿಸುವ ಇಂಗ್ಲಿಷ್ ಪುಸ್ತಕವನ್ನು ಬರೆದು 1887ರಲ್ಲಿ ಪ್ರಕಟಿಸಿದರು. ಊರೂರು ತಿರುಗಿ ಉಪನ್ಯಾಸ ಮಾಡಿದರು. ಬಾಸ್ಟನ್ ನಗರದಲ್ಲಿ ಒಂದು ಸಹಾಯಕ ಸಂಘವು ಏರ್ಪಟ್ಟು ಹತ್ತು ವರುಷ ಧನಸಹಾಯ ಮಾಡುವುದಾಗಿ ವಾಗ್ದಾನ ಮಾಡಿತು. 1889ನೆಯ ಇಸವಿ ಮಾರ್ಚ್ 11ನೆಯ ತಾರೀಖು ಬೊಂಬಾಯಿಯಲ್ಲಿ ಶಾರದಾಸದನವೆಂಬ ವಿಧವಾ ಶಾಲೆಯು ಆರಂಭವಾಗಿ ಮರುವರುಷ ಪುಣೆಗೆ ಬಂತು. ಅಲ್ಲಿಗೆ ಸೇರಿದ ಮೊದಲನೆಯ ವಿಧವಾ ವಿದ್ಯಾರ್ಥಿನಿ ಗೋದುಬಾಯಿಯವರು ಮುಂದೆ ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಪತ್ನಿಯಾಗಿ, ಅವರ ಸ್ತ್ರೀವಿದ್ಯಾಕಾರ್ಯದಲ್ಲಿ ಸಹಭಾಗಿಯಾದರು.

ಹೊರಗಿನ ಕೆಲಸವು ಹೀಗೆ ಬೆಳೆಯುತ್ತಿದ್ದರೂ ಒಳಗೆ ಏನೋ ಕೊರತೆಯಿತ್ತು. ದೀಕ್ಷಾಸ್ನಾನವಾಗಿ ಎಂಟು ವರುಷಗಳಾದ ಮೇಲೆ ಅವರು ತಮ್ಮನ್ನು ಪರೀಕ್ಷಿಸಿಕೊಂಡು, ತಾವು ಕ್ರೈಸ್ತ ಮತವನ್ನು ಕಂಡುಕೊಂಡಿದ್ದರೂ ಮತದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿರಲಿಲ್ಲವೆಂದು ಗ್ರಹಿಸಿದರು. ಸತ್ಯವೇದವು ಅದುವರೆಗೆ ಅವರ ಬುದ್ಧಿಗೆ ಒಪ್ಪಿಗೆಯಾಗಿತ್ತು. ಈಗ ಅದು ಅವರ ಪಾಪದ ಭಾರವನ್ನು ಇಳಿಸಿತು. ಪಂಡಿತೆಯೆಂಬ ಬಿರುದಾಗಲಿ, ಮಾಡಿದ ಉಪಕಾರಗಳಾಗಲಿ ರಕ್ಷಣೆಗೆ ಸಾಧನವಲ್ಲವೆಂದೂ, ಕ್ರಿಸ್ತನು ಉಚಿತವಾಗಿ ಕೊಡುವುದನ್ನು ಬರಿಗೈಯಿಂದ ತೆಗೆದುಕೊಳ್ಳಬೇಕೆಂದೂ ತಿಳಿದಾಗ ಅವರಿಗೆ ಉಂಟಾದ ಸಂತೋಷವನ್ನು 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯಲ್ಲಿ ಬರೆದಿಟ್ಟಿದ್ದಾರೆ.

ಶಾರದಾಸದನದಲ್ಲಿ ಯಾರ ಮತಾಚಾರಕ್ಕೂ ಅಡ್ಡಿ ಮಾಡಬಾರದೆಂಬ ಕಟ್ಟಳೆಯಿತ್ತು. ಹುಡುಗಿಯರು ತಮ್ಮ ತಮ್ಮ ಆಚಾರಗಳನ್ನು ನಡಿಸಿಕೊಂಡು ಬಂದರು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸಿ ಸತ್ಯವೇದವನ್ನು ಓದುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಮೊದಲು ಒಬ್ಬಿಬ್ಬರೂ ಆಮೇಲೆ ಹಲವರೂ ಬಂದು ಕುಳಿತು ಕೇಳತೊಡಗಿದರು. ಊರಿನಲ್ಲಿ ಕೋಲಾಹಲವೆದ್ದಿತು, ಕೇಸರಿ ಪತ್ರಿಕೆಯು ಖಂಡಿಸಿತು, 1893ರಲ್ಲಿ ರಾನಡೆ, ಭಾಂಡಾರ್ಕರ್ ಮುಂತಾದ ಗೌರವಸ್ಥರು ಸಲಹಾ ಮಂಡಲಿಯನ್ನು ಬಿಟ್ಟರು, ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಆ ಗೌರವಸ್ಥರು ಸ್ತ್ರೀವಿದ್ಯೆಯ ಹಿತೈಷಿಗಳೇ. ತಮ್ಮನ್ನು ನಂಬಿ ಮಕ್ಕಳನ್ನು ಕಳುಹಿಸಿದ ಮನೆಗಳಿಗೆ ಉತ್ತರ ಹೇಳಬೇಕಾದ ಅವರ ಕಷ್ಟವನ್ನು ನಾವು ಹಗುರವಾಗಿ ಎಣಿಸಲಾರೆವು. ರಮಾಬಾಯಿಯವರೂ ಯಾರನ್ನೂ ಬಲವಂತಪಡಿಸಲಿಲ್ಲವೆಂದು ಹೇಳಿದರು. ಬಾಗಿಲನ್ನು ಮುಚ್ಚಿಕೊಂಡಿದ್ದರೆ ಎಲ್ಲವೂ ಶಾಂತವಾಗಿಬಿಡುತ್ತಿತ್ತು. ಆದರೆ ಗ್ರಂಥವನ್ನು ಮುಟ್ಟಬಾರದೆಂದು ಕೇಳುತ್ತಾ ಬೆಳೆದ ಆ ಹೆಣ್ಣುಮಗಳಿಗೆ, ಇತರ ಹೆಣ್ಣುಮಕ್ಕಳ ಎದುರಿಗೆ ಗ್ರಂಥದ ಬಾಗಿಲನ್ನು ಮುಚ್ಚಲು ಮನಸ್ಸು ಬರಲಿಲ್ಲ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮವು ತಲೆದೋರಿತು. ಎಲೆಯನ್ನು ತಿಂದು ಬದುಕಿದ್ದ ತಮ್ಮ ಹದಿನಾರನೆಯ ವರುಷವನ್ನು ನೆನೆದು ಅವರು ಸುಮ್ಮನಿರಲಾರದೆ ತಾವೇ ಅಲ್ಲಿಗೆ ಹೋಗಿ ಸುಮಾರು 300 ಮಂದಿ ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ, ಪೂರ್ವಕ್ಕೆ ಸುಮಾರು 40 ಮೈಲಿ ದೂರದ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ 100 ಎಕರೆ ಭೂಮಿಯಲ್ಲಿ ಗುಡಿಸಲುಗಳನ್ನು ಹಾಕಿ ಅವರನ್ನು ಇರಿಸಿದರು. ಅದೇ ಮುಕ್ತಿಸದನ. 1900ನೆಯ ಇಸವಿಯ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯ ಜನಸಂಖ್ಯೆಯು ಸುಮಾರು ಎರಡು ಸಾವಿರವಾಯಿತು. ವಿಧವೆಯರು, ಅನಾಥೆಯರು, ಕುರುಡಿಯರು, ಮುದುಕಿಯರು, ಮೋಸಹೋದವರು ಎಲ್ಲರಿಗೂ ಅಲ್ಲಿ ಸ್ಥಳವಿತ್ತು. ನೇಯ್ಗೆ, ಹೊಲಿಗೆ, ವ್ಯವಸಾಯ, ಹೈನು, ಎಣ್ಣೆಗಾಣ, ಅಚ್ಚುಕೂಟ ಮೊದಲಾದ ಕೆಲಸಗಳನ್ನು ಸ್ತ್ರೀಯರೇ ಕಲಿತು ನಡಿಸಿದರು. ಮನೋರಮಾ ಬಾಯಿಯವರು ಕುರುಡ ಹುಡುಗಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸಿದರು. 1912ರ ಸುಮಾರಿಗೆ ತಾಯಿಮಗಳ ಪ್ರಯತ್ನದಿಂದ, ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ನಮ್ಮ ಕಲಬುರಗಿಯಲ್ಲಿಯೂ ಒಂದು ಕ್ರೈಸ್ತ ಶಾಲೆ ಏರ್ಪಟ್ಟು, ಮನೋರಮಾ ಬಾಯಿಯವರೇ ಅದರ ಮುಖ್ಯಸ್ಥೆಯಾದರು. ಕನ್ನಡನಾಡಿನ ಗಿರಿಯಿಂದ ಬುಟ್ಟಿಯಲ್ಲಿ ಇಳಿದುಹೋದ ಮಗುವು ಹೀಗೆ ಕನ್ನಡನಾಡಿಗೆ ವಿದ್ಯಾದಾನವಾಗಿ ಹಿಂದಿರುಗಿತೆನ್ನಬಹುದು.

ಅವರು ಕಡೆಯದಾಗಿ ಕೈಹಾಕಿದ ಕಾರ್ಯವೇ ಅವರ ಜೀವಿತದ ಕಿರೀಟ. ಮುಕ್ತಿಸದನದ ಹಳ್ಳಿಯ ಹೆಂಗಸರಿಗೆ ಆಗಿನ ಮರಾಠಿ ಸತ್ಯವೇದದ ಸಂಸ್ಕೃತಮಯವಾದ ಮಾತುಗಳು ಅರ್ಥವಾಗುತ್ತಿರಲಿಲ್ಲ. ಸಿಲ್ಚಾರಿನ ಚಿಕ್ಕ ಸುವಾರ್ತೆಯು ಮನೆಮಾತಿನಲ್ಲಿದ್ದುದರಿಂದಲೇ ತಮ್ಮ ಮನಸ್ಸಿಗೆ ಇಳಿಯಿತೆಂಬುದನ್ನು ಅನುಭವದಿಂದ ಬಲ್ಲ ಅವರು, ಸುಮಾರು 1904ರಿಂದ ಸತ್ಯವೇದವನ್ನು ಸುಲಭವಾದ ಮರಾಠಿಗೆ ಹೊಸದಾಗಿ ಭಾಷಾಂತರಿಸತೊಡಗಿದರು. ಅದಕ್ಕಾಗಿ ಐವತ್ತರ ಹತ್ತಿರದ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ನಮ್ಮ ಕನ್ನಡಿಗರಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಎಂಬ ಮಿಷನರಿಗಳು 1831ರ ಸುಮಾರಿಗೆ ಪೂರ್ಣ ಸತ್ಯವೇದವನ್ನು ಮುಗಿಸಿಕೊಟ್ಟುದನ್ನು ಬಲ್ಲೆವು. ಅದು ಹೊರದೇಶದ ಪುರುಷರ ಶ್ರಮ. ಇಲ್ಲಿಯಾದರೋ ಈ ದೇಶದ ಒಬ್ಬ ಸ್ತ್ರೀಯು ಭಾಷಾಂತರ ಮಾಡಿದಳು. ಕ್ಷಾಮದಿಂದ ಉಳಿದುಬಂದ ಹೆಣ್ಣುಮಕ್ಕಳು ಅಚ್ಚಿನ ಮೊಳೆಗಳನ್ನು ಜೋಡಿಸಿ ಮುದ್ರಿಸಿದರು.

1919ರಲ್ಲಿ ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈ ತಿಂಗಳಲ್ಲಿ ಒಬ್ಬಳೇ ಮಗಳಾದ ಮನೋರಮಾ ಬಾಯಿಯವರು ನಲವತ್ತನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಮಣ್ಣುಮಾಡಿದ್ದ ಆ ತಾಯಿಗೆ ಉಳಿದಿದ್ದ ಕರುಳಿನ ಕುಡಿಯೂ ಹೋಯಿತು. ಆದರೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಭಾಷಾಂತರದ ಕೆಲಸವನ್ನು ಪೂರೈಸಿ 1922ನೆಯ ಇಸವಿ ಏಪ್ರಿಲ್ 5ನೆಯ ತಾರೀಖು ದೇಹವನ್ನು ಬಿಟ್ಟರು. ಗ್ರಂಥವು ಸಮಗ್ರವಾಗಿ 1924ರಲ್ಲಿ ಹೊರಬಿತ್ತು. ಮುಕ್ತಿಸದನವು ಇಂದಿಗೂ ನಡೆಯುತ್ತಿದೆ. ಭಾರತ ಸರಕಾರವು 1989ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿ ಅವರನ್ನು ಗೌರವಿಸಿತು.

ಆರಂಭದಲ್ಲಿ ಹೇಳಿದ ಮೂರು ಪ್ರಶ್ನೆಗಳಿಗೆ ಅವರ ಜೀವಿತವೇ ಉತ್ತರವಾಗಿದೆ. ದೇವರ ವಾಕ್ಯದ ಅಧಿಕಾರವನ್ನು ಅವರು ಯಾರ ಅಪ್ಪಣೆಯಿಂದಲೂ ಒಪ್ಪಲಿಲ್ಲ. ಬಿದ್ದವರನ್ನು ಅದು ಎತ್ತುವುದನ್ನು ಕಣ್ಣಾರೆ ಕಂಡು ಒಪ್ಪಿದರು. ಅದರ ರಕ್ಷಣಾಶಕ್ತಿಯನ್ನು ಮೊದಲು ತಮ್ಮಲ್ಲಿಯೇ ಅನುಭವಿಸಿ ತರುವಾಯ ಇತರರಿಗೆ ಹೇಳಿದರು. ಓದುವ ಹಕ್ಕು ಯಾರದೆಂಬುದಕ್ಕೆ ಮುಕ್ತಿಸದನದ ಅಚ್ಚುಕೂಟವೇ ಸಾಕ್ಷಿ.

ನಮ್ಮ ಶಾಲೆಯನ್ನು ಬಿಟ್ಟುಹೋದ ಹೆಣ್ಣುಮಕ್ಕಳು ಇಂದು ಉಪಾಧ್ಯಾಯಿನಿಯರಾಗಿ, ದಾದಿಯರಾಗಿ, ಮನೆಗಳ ಒಡತಿಯರಾಗಿ ಹಲವು ಊರುಗಳಲ್ಲಿ ಇದ್ದಾರೆ. ಬೀರೂರು ಜಂಕ್ಷನ್ನಿನಲ್ಲಿ ಒಂದು ದಾರಿಯು ಶಿವಮೊಗ್ಗೆಗೂ ಮತ್ತೊಂದು ಹುಬ್ಬಳ್ಳಿಯ ಕಡೆಗೂ ಅಗಲುವಂತೆ ಅವರ ದಾರಿಗಳೂ ಅಗಲಿವೆ. ಅವರಲ್ಲಿ ಯಾರಿಗೂ ಓದಬೇಡವೆಂದು ಹೇಳುವವರು ಈಗಿಲ್ಲ. ಆದರೆ ರಮಾಬಾಯಿಯವರ ತಾಯಿಯು ಕಾಡು ಸೇರಿ ಸಂಪಾದಿಸಿದ ವಿದ್ಯೆಯೂ, ರಮಾಬಾಯಿಯವರು ಗೌರವಸ್ಥರ ಸ್ನೇಹವನ್ನು ಕಳೆದುಕೊಂಡು ತೆರೆದಿಟ್ಟ ಗ್ರಂಥವೂ, ಸುಲಭವಾಗಿ ದೊರೆತ ಕಾರಣದಿಂದಲೇ ನಮ್ಮ ಮನೆಗಳಲ್ಲಿ ಬಟ್ಟೆ ಸುತ್ತಿ ಗೂಡಿನಲ್ಲಿ ಉಳಿದಿದ್ದರೆ, ಆ ನಷ್ಟವು ನಮ್ಮದೇ. ತಂದೆತಾಯಿಗಳು ತಮ್ಮ ಹೆಣ್ಣುಮಕ್ಕಳ ಪ್ರಶ್ನೆಗಳಿಗೆ ಹೆದರದಿರಲಿ. ಪ್ರಶ್ನಿಸಿದ ಈ ಮಗಳನ್ನೇ ದೇವರು ಸಾವಿರಾರು ಜನರಿಗೆ ತಾಯಿಯನ್ನಾಗಿ ಮಾಡಿದನು. ಮಕ್ಕಳು ಓದಿದ್ದನ್ನು ಬಾಳಿನಲ್ಲಿ ಪರೀಕ್ಷಿಸಿ ನೋಡಲಿ. ಗಂಗಾಮೂಲದಲ್ಲಿ ಅಂಗೈಯಗಲವಾಗಿ ಹುಟ್ಟಿದ ನೀರು ನಮ್ಮ ಸೀಮೆಯ ಗದ್ದೆತೋಟಗಳನ್ನು ತಣಿಸುವಂತೆ, ಒಬ್ಬ ಹೆಣ್ಣುಮಗಳಲ್ಲಿ ದೇವರು ಆರಂಭಿಸಿದ ಕೃಪಾಕಾರ್ಯವು ನಮ್ಮ ಮನೆಮನೆಗೂ ಹರಿದುಬರಲೆಂದು ನಾವು ಬೇಡಿಕೊಳ್ಳುತ್ತೇವೆ.